ಹಿತ್ತಿಲ ಬೇಲಿ: ಕಂಬಕ್ಕೂ ಮುನ್ನ ಗಡಿ ನೋಡಿ

ಕೊಳ್ಳೇಗಾಲ: ಕೊಳ್ಳೇಗಾಲ, ಹನೂರು ಹಾಗೂ ಯಳಂದೂರಿನ ಹಳೆಯ ಮನೆಗಳ ಹಿತ್ತಿಲಲ್ಲಿ ಮರದ ಗೂಟ, ಬಿದಿರಿನ ದಬ್ಬೆಗಳ ಬೇಲಿ ಅಲ್ಲಲ್ಲಿ ಉಳಿದಿದೆ. ಮೇಲೆ ಗಟ್ಟಿಯಾಗಿ ಕಂಡರೂ ನೆಲಮಟ್ಟದಲ್ಲಿ ತೇವ ಮತ್ತು ಗೆದ್ದಲಿನಿಂದ ಬುಡ ಟೊಳ್ಳಾಗಿ, ಒಂದೇ ಗಾಳಿಮಳೆಗೆ ಇಡೀ ಸಾಲು ಒರಗುವುದುಂಟು. ಬದಲಿಸಲು ಹೊರಟವರು ಮೊದಲು ಕೇಳುವುದು ಅಡಿಗೆ ಎಷ್ಟು ದರ ಎಂದು. ಆದರೆ ಮೊದಲು ತೀರ್ಮಾನವಾಗಬೇಕಾದದ್ದು ಬೇಲಿ ಎಲ್ಲಿ ನಿಲ್ಲಬೇಕು ಎಂಬುದು.

ಹಳೆಯ ಬೇಲಿಯ ಸಾಲೇ ಗಡಿ ಎಂದು ನಂಬುವಂತಿಲ್ಲ. ಪ್ರತಿ ದುರಸ್ತಿಯಲ್ಲೂ ಗೂಟ ಗೇಣುದ್ದ ಆಚೀಚೆ ಸರಿದಿರುತ್ತದೆ. ಅದೇ ಸಾಲಿನಲ್ಲಿ ಕಾಂಕ್ರೀಟ್ ಕಂಬ ಎದ್ದರೆ ತಪ್ಪು ಗಟ್ಟಿಯಾಗುತ್ತದೆ. ನೆಲ 12 ವರ್ಷ ಇನ್ನೊಬ್ಬರ ಬಹಿರಂಗ, ಪ್ರತಿಕೂಲ ಸ್ವಾಧೀನದಲ್ಲಿದ್ದರೆ 1963ರ ಕಾಲಮಿತಿ ಕಾಯ್ದೆಯಡಿ ಮೂಲ ಮಾಲೀಕನ ಹಕ್ಕಿಗೇ ಕುತ್ತು ಬರಬಹುದು. ಪಟ್ಟಣದ ನಿವೇಶನವಾದರೆ ಕ್ರಯಪತ್ರದ ಚಕ್ಕುಬಂದಿ, ಖಾತೆಯ ಅಳತೆ ತಾಳೆ ನೋಡಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ದಾಖಲೆ ಇರುತ್ತದೆ. ಹಿತ್ತಿಲು ಸರ್ವೆ ನಂಬರಿನ ಜಮೀನಿಗೆ ಸೇರಿದ್ದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಸಲ್ಲಿಸಬಹುದು. ಅಳತೆಯ ದಿನ ನೆರೆಮನೆಯವರು ಸ್ಥಳದಲ್ಲಿದ್ದರೆ ಮುಂದಿನ ಅರ್ಧ ಜಗಳ ತಪ್ಪಿದಂತೆ.

ಮರದ ಬೇಲಿಯೇ ಬೇಕೆನ್ನುವವರು ಮರ ಮಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು. ಕಲ್ಲುಕಂಬ ನೆಟ್ಟು ಅದಕ್ಕೆ ಮರದ ಪಟ್ಟಿಗಳನ್ನು ಬೋಲ್ಟ್ ಮಾಡುವುದು ಬಾಳಿಕೆಯ ವಿಧಾನ. ಕರಿಕಲ್ಲಿಗೆ ಹೆಸರಾದ ಜಿಲ್ಲೆಯಲ್ಲಿ ಕಲ್ಲಿಗೆ ದೂರ ಹೋಗಬೇಕಿಲ್ಲ. ಮರವನ್ನು ರಸೀದಿ ಸಹಿತ ಡಿಪೊ ಅಥವಾ ಸಾಮಿಲ್‌ನಿಂದಲೇ ಕೊಳ್ಳಬೇಕು. ಬಿಳಿಗಿರಿರಂಗನ ಬೆಟ್ಟ ಹಾಗೂ ಮಲೆ ಮಹದೇಶ್ವರ ಬೆಟ್ಟದ ಕಾಡಿನಿಂದ ಕಡಿದು ತಂದ ಗೂಟ ಅಗ್ಗವೆನಿಸಿದರೂ ಅರಣ್ಯ ಮೊಕದ್ದಮೆಗೆ ದಾರಿ.

ಕಾಡಂಚಿನ ಊರುಗಳಲ್ಲಿ ಹಂದಿ ಕಾಟವೆಂದು ಮನೆಯ ವಿದ್ಯುತ್ ಲೈನನ್ನೇ ತಂತಿಬೇಲಿಗೆ ಜೋಡಿಸುವುದು ಅಪರಾಧ. ಸೋಲಾರ್ ಬೇಲಿಯ ಯಂತ್ರ ಕ್ಷಣಮಾತ್ರದ ಮಿಡಿತಗಳನ್ನಷ್ಟೇ ಹರಿಸಿ ಬೆದರಿಸುತ್ತದೆ. ನೇರ ಸಂಪರ್ಕ ಹಸು, ಹಂದಿ, ಮನುಷ್ಯ ಎಂದು ನೋಡದೆ ಕೊಲ್ಲುತ್ತದೆ.

ಇನ್ನು ಗುತ್ತಿಗೆಯ ಮಾತು. ‘ರನ್ನಿಂಗ್ ಅಡಿಗೆ ಇಷ್ಟು’ ಎಂಬ ಬಾಯಿಮಾತಿನ ದರದಲ್ಲಿ ಏನೂ ಹೇಳಿದಂತಾಗುವುದಿಲ್ಲ. ಹಳೆಯ ಬೇಲಿ ಕೀಳುವುದು, ಗುಂಡಿ, ಸಾಗಣೆ, ಗೇಟು ಅದರಲ್ಲಿ ಸೇರಿದೆಯೇ ಎಂಬುದನ್ನು ಬರೆಸಿಕೊಳ್ಳಬೇಕು. ಹೆಚ್ಚಿನವರು ಮೋಸ ಹೋಗುವುದು ಜಾಲರಿಯ ಗೇಜಿನಲ್ಲಿ. ಗೇಜಿನ ಸಂಖ್ಯೆ ಹೆಚ್ಚಿದಂತೆ ತಂತಿ ತೆಳುವಾಗುತ್ತದೆ: 10 ಗೇಜ್ ಎಂದರೆ ಸುಮಾರು 3.25 ಮಿ.ಮೀ., 12 ಗೇಜ್ ಎಂದರೆ 2.64 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಕಬ್ಬಿಣ ಮಾತ್ರ ಮೂರರಲ್ಲಿ ಒಂದು ಪಾಲು ಕಡಿಮೆ. ಪ್ಲಾಸ್ಟಿಕ್ ಲೇಪನ ಸೇರಿಸಿ ದಪ್ಪ ಹೇಳುವ ಜಾಣರೂ ಇದ್ದಾರೆ. ಸತು ಲೇಪಿತ ಜಾಲರಿಗೆ ಐ.ಎಸ್. 2721, ಮುಳ್ಳುತಂತಿಗೆ ಐ.ಎಸ್. 278 ಎಂಬ ಮಾನಕಗಳಿದ್ದು, ಕರಾರಿನಲ್ಲಿ ಅವನ್ನು ನಮೂದಿಸಬಹುದು.

ಆರಡಿ ಎತ್ತರದ ಬೇಲಿಗೆ ಎಂಟಡಿ ಕಂಬ ತರಿಸಿ ಎರಡಡಿ ಹೂಳಿಸಬೇಕು. ಕಂಬಗಳ ನಡುವೆ ಹತ್ತಡಿಗಿಂತ ಹೆಚ್ಚು ಅಂತರ ಬೇಡ. ಮೂಲೆ ಹಾಗೂ ಗೇಟಿನ ಕಂಬಗಳಿಗೆ ಓರೆಗಂಬದ ಆಸರೆ ಇಲ್ಲದಿದ್ದರೆ ತಂತಿ ಬಿಗಿದಾಗ ಅವೇ ಮೊದಲು ಬಾಗುತ್ತವೆ. ಸಣ್ಣ ಮೇಸ್ತ್ರಿಯ ಬಳಿ ಜಿಎಸ್‌ಟಿ ಸಂಖ್ಯೆ ಇಲ್ಲವೆಂದು ಅನುಮಾನಪಡಬೇಕಿಲ್ಲ. ಸೇವೆಗಳಿಗೆ ವಾರ್ಷಿಕ ₹20 ಲಕ್ಷದವರೆಗಿನ ವಹಿವಾಟಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಆತ ಈ ಹಿಂದೆ ಹಾಕಿದ ಬೇಲಿಯೊಂದನ್ನು ಎರಡು ಮಳೆಗಾಲ ಕಳೆದ ಮೇಲೆ ನೋಡುವುದು ಹೆಚ್ಚು ಉಪಯುಕ್ತ.

ಹಣವನ್ನು ಸಾಮಗ್ರಿ ಬಂದಾಗ, ಕಂಬ ನಿಂತಾಗ, ಕೆಲಸ ಮುಗಿದಾಗ ಎಂದು ಕಂತುಗಳಲ್ಲಿ ಕೊಡುವುದು ಒಳಿತು. ಬುಡದ ಕಾಂಕ್ರೀಟಿಗೆ ಏಳು ದಿನ ನೀರುಣಿಸಿದ ಬಳಿಕವೇ ಜಾಲರಿ ಬಿಗಿಸಿ, ಕಂಬ ಅಲುಗದಿರುವುದನ್ನು ಕೈಯಿಂದ ತಳ್ಳಿ ನೋಡಿ ಕೊನೆಯ ಕಂತು ನೀಡಬಹುದು.