ಅಂಚಿನಾಚೆ ಉಳಿದ ಚಿತ್ರ

ಹಳೆಯ ಡಬ್ಬಾ ಟಿ.ವಿ.ಗಳ ಕಾಲದಲ್ಲಿ ಚಾನೆಲ್‌ನ ಲಾಂಛನ ಪರದೆಯ ಮೂಲೆಗೆ ಅಂಟಿಕೊಂಡಿರುತ್ತಿರಲಿಲ್ಲ. ಒಂದೆರಡು ಬೆರಳಿನಷ್ಟು ಒಳಕ್ಕೆ ಸರಿದು ಕೂತಿರುತ್ತಿತ್ತು. ಸಿನಿಮಾದ ಹೆಸರುಗಳು, ವಾರ್ತೆಯ ಅಡಿಸಾಲು, ಕ್ರಿಕೆಟ್ ಸ್ಕೋರು, ಆಮೇಲೆ ಬಂದ ಡಿವಿಡಿಯ ಸಬ್‌ಟೈಟಲ್, ಎಲ್ಲವೂ ಹೀಗೆಯೇ ಸುತ್ತ ಜಾಗ ಬಿಟ್ಟು ನಿಲ್ಲುತ್ತಿದ್ದವು. ಅದು ಅಂದಕ್ಕೆಂದು ಬಿಟ್ಟ ಜಾಗವಲ್ಲ. ತಾವು ಕಳಿಸುವ ಚಿತ್ರ ಯಾರ ಮನೆಯಲ್ಲೂ ಪೂರ್ತಿ ಕಾಣುವುದಿಲ್ಲ, ನಾಲ್ಕೂ ಕಡೆ ಸ್ವಲ್ಪ ಸ್ವಲ್ಪ ಟಿ.ವಿ.ಯ ಚೌಕಟ್ಟಿನ ಹಿಂದೆ ಹೋಗಿಬಿಡುತ್ತದೆ ಎಂಬುದು ಸ್ಟುಡಿಯೊದವರಿಗೆ ಚೆನ್ನಾಗಿ ಗೊತ್ತಿತ್ತು. ಇದಕ್ಕೆ ಓವರ್‌ಸ್ಕ್ಯಾನ್ ಎಂದು ಹೆಸರು. ಕಾರ್ಖಾನೆಯವರೂ ಸ್ಟುಡಿಯೊದವರೂ ತಮ್ಮತಮ್ಮಲ್ಲೇ ಮಾಡಿಕೊಂಡ ಈ ಏರ್ಪಾಡಿನಲ್ಲಿ ನೋಡುವವರನ್ನು ಯಾರೂ ಕೇಳಲಿಲ್ಲ. ಮನೆಯಲ್ಲಿ ಕೂತು ರಿಮೋಟಿನಿಂದಲೇ ಪೂರ್ತಿ ಚಿತ್ರವನ್ನು ಒಳಕ್ಕೆ ತಂದುಕೊಳ್ಳುವ ದಾರಿ ಅನೇಕರಿಗೆ ತೆರೆದದ್ದು ಟಿ.ವಿ.ಯಿಂದಲ್ಲ, ಅದರ ಮೇಲೆ ಕೂತಿದ್ದ ಡಿವಿಡಿ ಪ್ಲೇಯರ್‌ನಿಂದ.

ಚಿತ್ರವನ್ನು ಅಂಚಿನಾಚೆಗೆ ಚೆಲ್ಲಲು ಕಾರಣಗಳಿದ್ದವು, ಸಣ್ಣವೂ ಅಲ್ಲ. ಪಿಕ್ಚರ್ ಟ್ಯೂಬಿನ ಕತ್ತಿನಲ್ಲಿರುವ ಗನ್ನಿನಿಂದ ಹೊರಟ ಎಲೆಕ್ಟ್ರಾನ್ ಕಿರಣವನ್ನು, ಕತ್ತಿನ ಸುತ್ತ ಕೂರಿಸಿದ ತಾಮ್ರದ ಸುರುಳಿಗಳು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಎಳೆದಾಡಿಸುತ್ತವೆ. ನಮ್ಮ ದೇಶ ಒಪ್ಪಿಕೊಂಡ ಪದ್ಧತಿಯಲ್ಲಿ ಹೀಗೆ ಸೆಕೆಂಡಿಗೆ 25 ಸಲ 625 ಗೆರೆಗಳು. ಅದರಲ್ಲಿ ಚಿತ್ರ ಹೊತ್ತವು 576. ಚಿತ್ರ ಎಷ್ಟು ಅಗಲ, ಎಷ್ಟು ಎತ್ತರ ಎಂಬುದು ಸುರುಳಿಯಲ್ಲಿ ಹರಿಯುವ ವಿದ್ಯುತ್ತಿನ ಮೇಲೂ, ಕಿರಣವನ್ನು ಮುಂದಕ್ಕೆ ಸೆಳೆಯುವ ಹೈ ವೋಲ್ಟೇಜಿನ ಮೇಲೂ ನಿಂತಿದೆ. ಇವೆರಡೂ ಸ್ಥಿರವಲ್ಲ. ತುಂಬ ಬೆಳಕಿನ ದೃಶ್ಯ ಬಂದಾಗ ಹೈ ವೋಲ್ಟೇಜು ಕೊಂಚ ಕುಸಿಯುತ್ತದೆ, ಎಲೆಕ್ಟ್ರಾನುಗಳ ವೇಗ ತಗ್ಗುತ್ತದೆ, ಸುರುಳಿಯ ಎಳೆತಕ್ಕೆ ಅವು ಹೆಚ್ಚು ಬಾಗುತ್ತವೆ, ಚಿತ್ರ ಉಬ್ಬುತ್ತದೆ. ಸೆಟ್ ಬಿಸಿಯಾದಂತೆ, ಬಿಡಿಭಾಗಗಳಿಗೆ ವಯಸ್ಸಾದಂತೆ ಅಳತೆ ಮತ್ತೆ ಬದಲಾಗುತ್ತದೆ.

ಮೊದಮೊದಲ ಟ್ಯೂಬುಗಳ ಮುಖವಂತೂ ಗುಂಡಗಿತ್ತು. 1946ರಲ್ಲಿ ಅಮೆರಿಕದ ಆರ್‌ಸಿಎ ಹೊರತಂದ 630-ಟಿಎಸ್ ಸೆಟ್ಟಿನದು ಹತ್ತು ಇಂಚಿನ ದುಂಡು ಟ್ಯೂಬು. ಆ ದುಂಡು ಮುಖದಲ್ಲಿ ಆಯತದ ಚಿತ್ರವನ್ನು ಆದಷ್ಟು ದೊಡ್ಡದಾಗಿ ತೋರಿಸಬೇಕೆಂದರೆ ಮೂಲೆಗಳನ್ನು ಬಿಟ್ಟುಕೊಡಲೇಬೇಕಿತ್ತು. ಟ್ಯೂಬುಗಳು ಚೌಕವಾದ ಮೇಲೂ ಆ ರೂಢಿ ಹೋಗಲಿಲ್ಲ.

ಕರ್ನಾಟಕದ ಹಳ್ಳಿ, ಸಣ್ಣ ಊರುಗಳಲ್ಲಿ ಟಿ.ವಿ. ನೋಡಿದವರಿಗೆ ಇದರ ಇನ್ನೊಂದು ಮುಖ ಗೊತ್ತು. ಸಂಜೆ ಎಲ್ಲರ ಮನೆಯ ದೀಪ ಹತ್ತಿ ವೋಲ್ಟೇಜು ಬಿದ್ದಾಗ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಸುತ್ತ ಕಪ್ಪು ಪಟ್ಟಿ ಮೂಡುತ್ತಿತ್ತು. ಟಿ.ವಿ.ಯ ಜೊತೆಗೆ ಸ್ಟೆಬಿಲೈಸರ್ ಕೊಳ್ಳುವುದು ಕಡ್ಡಾಯವೆಂಬಂತಾದದ್ದು ಅದಕ್ಕೇ. ದರ್ಜಿ ಹೊಲಿಗೆಯೊಳಗೆ ಮಡಚಿಡುವ ಬಟ್ಟೆಯಂತೆ, ಕಾರ್ಖಾನೆಯವರು ಚಿತ್ರವನ್ನು ಪರದೆಗಿಂತ ದೊಡ್ಡದಾಗಿಯೇ ಹಾಕಿಡುತ್ತಿದ್ದರು. ಸ್ವಲ್ಪ ಕುಗ್ಗಿದರೂ ಅಂಚು ಹೊರಗೆ ಕಾಣಬಾರದು ಎಂಬ ಎಚ್ಚರ. ಬೆಂಗಳೂರಿನ ಬಿಇಎಲ್ ಕಪ್ಪು ಬಿಳುಪು ಪಿಕ್ಚರ್ ಟ್ಯೂಬುಗಳನ್ನು ತಯಾರಿಸುತ್ತಿದ್ದ ದಿನಗಳಿಂದ ಹಿಡಿದು 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದ ಮೇಲೂ, ಟ್ಯೂಬು ಇರುವವರೆಗೆ ಈ ಎಚ್ಚರಕ್ಕೆ ಅರ್ಥವಿತ್ತು. ಬೇಡದ ಕೆಲವನ್ನು ಮರೆಮಾಡುವುದಕ್ಕೂ ಅದು ಒದಗುತ್ತಿತ್ತು. ವಿಎಚ್‌ಎಸ್ ಕ್ಯಾಸೆಟ್ಟನ್ನು ಓದುವ ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ದಾಟುವಾಗ ಚಿತ್ರದ ತಳದಲ್ಲಿ ಏಳುವ ಹರಿದ ಗೆರೆಗಳು ಮನೆಯ ಟಿ.ವಿ.ಯಲ್ಲಿ ಕಾಣುತ್ತಲೇ ಇರಲಿಲ್ಲ.

ಸ್ಟುಡಿಯೊದವರು ತಮ್ಮ ಕಡೆಯಿಂದ ಲೆಕ್ಕ ಹಾಕಿಕೊಂಡರು. ಅಮೆರಿಕದ ಸಿನಿಮಾ ಮತ್ತು ಟಿ.ವಿ. ಎಂಜಿನಿಯರುಗಳ ಸಂಘ ಎಸ್‌ಎಂಪಿಟಿಇ ಎರಡು ಗಡಿಗಳನ್ನು ಗುರುತಿಸಿತು: ಮುಖ್ಯವಾದ ಚಲನೆಯೆಲ್ಲ ಚಿತ್ರದ ನಡುವಿನ 90 ಶೇಕಡದೊಳಗೆ, ಓದಬೇಕಾದ ಅಕ್ಷರಗಳು 80 ಶೇಕಡದೊಳಗೆ ಇರಬೇಕು. ಕ್ಯಾಮೆರಾದ ವ್ಯೂಫೈಂಡರಿನಲ್ಲಿ ಈ ಗೆರೆಗಳನ್ನು ಮೂಡಿಸಿದರು. ಚಾನೆಲ್ ಲಾಂಛನ ಮೂಲೆ ಬಿಟ್ಟು ಒಳಗೆ ಕೂತದ್ದರ ಮೂಲ ಇಲ್ಲಿದೆ. ಆದರೆ ಪ್ರಸಾರದ ಕೋಣೆಯಲ್ಲಿರುವ ಮಾನಿಟರುಗಳಿಗೆ ‘ಅಂಡರ್‌ಸ್ಕ್ಯಾನ್’ ಎಂಬ ಗುಂಡಿಯಿತ್ತು. ಒತ್ತಿದರೆ ಚಿತ್ರ ಕುಗ್ಗಿ ನಾಲ್ಕೂ ಅಂಚು ಸಹಿತ ಪೂರ್ತಿ ಕಾಣುತ್ತಿತ್ತು. ಮಾಡುವವರಿಗೆ ಇದ್ದ ಆ ಗುಂಡಿ ನೋಡುವವರಿಗೆ ಇರಲಿಲ್ಲ. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ ಇದು.

ಕಳೆದುಹೋಗುವುದು ಎಷ್ಟು? ಪ್ರತಿ ಬದಿಯಲ್ಲಿ ಬರೀ 5 ಶೇಕಡ ಅಂದುಕೊಳ್ಳೋಣ. ಅಗಲದಲ್ಲಿ ಉಳಿದದ್ದು 90, ಎತ್ತರದಲ್ಲೂ 90. ಗುಣಿಸಿದರೆ ಕಾಣುವ ಚಿತ್ರ 81 ಶೇಕಡ. ಹೆಚ್ಚುಕಡಿಮೆ ಐದರಲ್ಲೊಂದು ಭಾಗ ಪ್ಲಾಸ್ಟಿಕ್ಕಿನ ಹಿಂದೆ.

ವಾರ್ತೆ ಓದುವವರ ಮುಖಕ್ಕೆ ಇದರಿಂದ ನಷ್ಟವಿಲ್ಲ. ಸಿನಿಮಾಕ್ಕೆ ಇದೆ, ಅದರಲ್ಲೂ ಸಿನಿಮಾಸ್ಕೋಪಿಗೆ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, 1959ರ ‘ಕಾಗಜ್ ಕೆ ಫೂಲ್’ಗೆ ಕ್ಯಾಮೆರಾ ಹಿಡಿದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಖಾಲಿ ಸ್ಟುಡಿಯೊದೊಳಕ್ಕೆ ಮೇಲಿನಿಂದ ಇಳಿಯುವ ಬೆಳಕಿನ ಕೋಲು, ಅದರ ಆಚೆ ಈಚೆ ದೂರ ದೂರ ನಿಂತ ಇಬ್ಬರು. ಆ ಚಿತ್ರದ ನೋವೆಲ್ಲ ಅಗಲದಲ್ಲಿದೆ, ನಡುವಿನ ಬಯಲಿನಲ್ಲಿದೆ. ಇಂಥ ಚಿತ್ರವನ್ನು ಹಳೆಯ ಟಿ.ವಿ.ಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿಯೊಂದಿಗೆ ಹಾಕಿದಾಗ ಓವರ್‌ಸ್ಕ್ಯಾನ್ ಮೇಲೆ ಕೆಳಗೆ ನುಂಗುವುದು ಬರೀ ಕಪ್ಪನ್ನು. ಎಡಬಲದಲ್ಲಿ ಮಾತ್ರ ನಿಜವಾದ ಚಿತ್ರವನ್ನೇ. ಎತ್ತರದ 2.35 ಪಟ್ಟು ಅಗಲವಾಗಿ ಜೋಡಿಸಿದ ಚೌಕಟ್ಟು 2.1 ಪಟ್ಟಿಗೆ ಇಳಿದುಬಿಡುತ್ತದೆ. ಮೂರ್ತಿಯವರು 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದರು, ಅದನ್ನು ಪಡೆದ ಮೊದಲ ಛಾಯಾಗ್ರಾಹಕ. ಅಂಥವರು ಅಳೆದು ಇಟ್ಟ ಅಂಚನ್ನು ಪೆಟ್ಟಿಗೆಯ ಚೌಕಟ್ಟು ನಿರ್ಧರಿಸುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ.

ಅಂಚು ಕಳೆಯುತ್ತದೆಂದು ಗೊತ್ತಿದ್ದರೆ ಚಿತ್ರವನ್ನೇ ಮೊದಲು ಚಿಕ್ಕದಾಗಿ ಕಳಿಸಬಹುದಲ್ಲ? ಈ ಉಪಾಯ ಡಿವಿಡಿಗಿಂತ ಹಳೆಯದು. 1982ರಲ್ಲಿ ಬಂದ ಕಮೊಡೋರ್ 64, ಝಡ್‌ಎಕ್ಸ್ ಸ್ಪೆಕ್ಟ್ರಮ್‌ನಂಥ ಮನೆ ಕಂಪ್ಯೂಟರುಗಳನ್ನು ಟಿ.ವಿ.ಗೇ ಜೋಡಿಸಬೇಕಿತ್ತು. ಒಂದಕ್ಷರ ಅಂಚಿನಾಚೆ ಹೋದರೂ ಪ್ರೋಗ್ರಾಮ್ ಬರೆಯುವವನ ಗತಿ ಕೆಟ್ಟಂತೆ. ಅದಕ್ಕಾಗಿ ಅವು ಸುತ್ತ ದಪ್ಪನೆಯ ಬಣ್ಣದ ಅಂಚು ಬಿಟ್ಟು ನಡುವೆ ಮಾತ್ರ ಅಕ್ಷರ ಮೂಡಿಸುತ್ತಿದ್ದವು. ಆದರೆ ಅದು ಕಂಪ್ಯೂಟರ್ ತಾನೇ ಬಿಡಿಸಿದ ಚಿತ್ರ. ಬೇರೆಲ್ಲೋ ತೆಗೆದ ಸಿನಿಮಾವನ್ನು ಓಡುತ್ತಿರುವಾಗಲೇ ಕುಗ್ಗಿಸಲು ಲೆಕ್ಕ ಮಾಡುವ ಚಿಪ್ಪು ಬೇಕು.

ಅಂಥ ಲೆಕ್ಕ ಡಿವಿಡಿ ಪ್ಲೇಯರಿನಲ್ಲಿ ಹುಟ್ಟಿನಿಂದಲೇ ಇತ್ತು. 1996ರ ನವೆಂಬರಿನಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಡಿವಿಡಿ ಮಾರಾಟಕ್ಕೆ ಬಂತು. ಅಗಲ ಪರದೆಯ ಸಿನಿಮಾಗಳನ್ನು ಡಿಸ್ಕಿನಲ್ಲಿ ಅಡ್ಡಕ್ಕೆ ಹಿಂಡಿ ತುಂಬಿಡುತ್ತಿದ್ದರು. ಅಗಲದ ಟಿ.ವಿ. ಇದ್ದವರಿಗೆ ಅದು ಬಿಚ್ಚಿಕೊಳ್ಳುತ್ತದೆ. 4:3ರ ಹಳೆಯ ಟಿ.ವಿ. ಇದ್ದವರಿಗಾಗಿ ಪ್ಲೇಯರೇ ಪ್ರತಿ ನಾಲ್ಕು ಗೆರೆಗಳನ್ನು ಮೂರಕ್ಕೆ ಇಳಿಸಿ ಮೇಲೆ ಕೆಳಗೆ ಕಪ್ಪು ಪಟ್ಟಿ ಸೇರಿಸಿ ಕಳಿಸಬೇಕು. ಹಾಗಾಗಿ ಗೆರೆಗಳನ್ನು ಕುಗ್ಗಿಸುವ ಕಸುಬು ಪ್ರತಿಯೊಂದು ಪ್ಲೇಯರಿಗೂ ಬರಲೇಬೇಕಿತ್ತು. ಎರಡನೆಯ ಅಗತ್ಯ ಏಷ್ಯಾದ ಮಾರುಕಟ್ಟೆಗಳಲ್ಲಿ ಎದ್ದಿತು. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ಡಿಸ್ಕಿನಲ್ಲಿರುವುದು 480 ಗೆರೆ, ನಮ್ಮ ಪಾಲ್ ಪದ್ಧತಿಯ ಟಿ.ವಿ. ಕೇಳುವುದು 576. ಎರಡನ್ನೂ ನುಡಿಸುವ ‘ಮಲ್ಟಿ ಸಿಸ್ಟಂ’ ಪ್ಲೇಯರಿಗೆ ಗೆರೆಗಳನ್ನು ಹಿಗ್ಗಿಸುವುದೂ ತಿಳಿದಿರಬೇಕಾಯಿತು. ಇಎಸ್‌ಎಸ್, ಮೀಡಿಯಾಟೆಕ್‌ನಂಥ ಕಂಪನಿಗಳು ಇದೆಲ್ಲವನ್ನೂ ಅಗ್ಗದ ಒಂದು ಚಿಪ್ಪಿನೊಳಗೆ ತುಂಬಿದವು. ನಮ್ಮಲ್ಲಿ ಮೋಸರ್ ಬೇಯರ್ ಸಿನಿಮಾ ಡಿವಿಡಿಯನ್ನು 34 ರೂಪಾಯಿಗೆ ಮಾರುತ್ತಿದ್ದ ದಿನಗಳಲ್ಲಿ ಅಂಗಡಿಗಳ ತುಂಬ ಇದ್ದದ್ದು ಇಂಥ ಪ್ಲೇಯರುಗಳೇ. ಅವುಗಳ ರಿಮೋಟಿನಲ್ಲಿದ್ದ ‘ಜೂಮ್’ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಚಿತ್ರ ಎರಡು ಪಟ್ಟು, ಮೂರು ಪಟ್ಟು ಹಿಗ್ಗುತ್ತಿತ್ತು. ಅನೇಕ ಸೆಟ್ಟುಗಳಲ್ಲಿ ಆಮೇಲೆ ಅರ್ಧಕ್ಕೂ ಇಳಿಯುತ್ತಿತ್ತು. ಅರ್ಧಕ್ಕಿಳಿದ ಚಿತ್ರದಿಂದ ಏನು ಉಪಯೋಗವೆಂದು ಅನೇಕರಿಗೆ ಅನ್ನಿಸಿರಬಹುದು. ಆದರೆ ಪೂರ್ತಿಗೂ ಅರ್ಧಕ್ಕೂ ನಡುವೆ ಸಣ್ಣ ಸಣ್ಣ ಹೆಜ್ಜೆಗಳನ್ನು ಸೇರಿಸಿದರೆ ಓವರ್‌ಸ್ಕ್ಯಾನಿಗೆ ಮದ್ದು ಸಿಕ್ಕಂತೆ. ಚೀನಾದ ಮಲಾಟಾ ಕಂಪನಿಯ ಪ್ಲೇಯರುಗಳು ಹೆಸರಾದದ್ದು ಇದಕ್ಕೇ: ಅಗಲವನ್ನೂ ಎತ್ತರವನ್ನೂ ಬೇರೆ ಬೇರೆಯಾಗಿ, ಸ್ವಲ್ಪ ಸ್ವಲ್ಪವೇ ಕುಗ್ಗಿಸುವ ಅವಕಾಶ ಅವುಗಳಲ್ಲಿತ್ತು.

ಒಳಗೆ ನಡೆಯುವುದು ಇಷ್ಟು. ಪಾಲ್ ಡಿಸ್ಕಿನ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳಿವೆ. ಪ್ಲೇಯರ್ ಅಕ್ಕಪಕ್ಕದ ಚುಕ್ಕೆಗಳನ್ನು ಬೆರೆಸಿ ಕಡಿಮೆ ಚುಕ್ಕೆಗಳ ಹೊಸ ಚಿತ್ರ ಕಟ್ಟುತ್ತದೆ, ಉಳಿದ ಜಾಗಕ್ಕೆ ಕಪ್ಪು ತುಂಬುತ್ತದೆ. ಟಿ.ವಿ. ಎಂದಿನಂತೆ ಅಂಚನ್ನು ನುಂಗುತ್ತದೆ, ಆದರೆ ಈಗ ಅದರ ಬಾಯಿಗೆ ಹೋಗುವುದು ಆ ಕಪ್ಪು. ಕಷ್ಟವಿರುವುದು ಮೇಲಿನಿಂದ ಕೆಳಕ್ಕೆ ಕುಗ್ಗಿಸುವುದರಲ್ಲಿ. ಟಿ.ವಿ. ಚಿತ್ರ ಒಮ್ಮೆ ಬೆಸ ಗೆರೆಗಳು, ಒಮ್ಮೆ ಸರಿ ಗೆರೆಗಳು ಎಂದು ಎರಡು ಕಂತಿನಲ್ಲಿ ಬರುತ್ತದೆ. ಎರಡನ್ನೂ ಮೊದಲು ಕೂಡಿಸಿ ಆಮೇಲೆ ಕುಗ್ಗಿಸಿದರೆ ಚಿತ್ರ ಸ್ವಚ್ಛ. ಕಂತುಗಳನ್ನು ಬಿಡಿಬಿಡಿಯಾಗಿಯೇ ಕುಗ್ಗಿಸಿದರೆ ಕಿಟಕಿಯ ಸರಳು, ಮೆಟ್ಟಿಲು, ಸೀರೆಯ ತೆಳು ಅಂಚಿನಂಥ ಅಡ್ಡಗೆರೆಗಳು ನಡುಗುತ್ತವೆ. ಪಾಲ್ ಡಿಸ್ಕಿನ ಸಿನಿಮಾದಲ್ಲಿ ಎರಡೂ ಕಂತು ಒಂದೇ ಫಿಲಂ ಚೌಕಟ್ಟಿನಿಂದ ಬಂದಿರುವುದರಿಂದ ಕೂಡಿಸುವುದು ಸುಲಭ.

ಬೆಲೆಯನ್ನೂ ಹೇಳಬೇಕು. 4:3ರ ಟಿ.ವಿ.ಯಲ್ಲಿ ಸಿನಿಮಾಸ್ಕೋಪಿಗೆ ಸಿಗುವುದೇ 576ರಲ್ಲಿ ಸುಮಾರು 327 ಗೆರೆ. 90 ಶೇಕಡಕ್ಕೆ ಕುಗ್ಗಿಸಿದರೆ ಅದು 294ಕ್ಕೆ ಇಳಿಯುತ್ತದೆ. ಚುರುಕು ಕೊಂಚ ಮಂಕಾಗುತ್ತದೆ. ಹಾಗಿದ್ದರೂ ಟ್ಯೂಬಿನ ಟಿ.ವಿ.ಯ ಮಟ್ಟಿಗೆ ನಾನು ಕುಗ್ಗಿಸುವುದರ ಪರ. ಮಂಕಾದ ಚಿತ್ರದಲ್ಲೂ ಅಂಚಿನಲ್ಲಿ ನಿಂತವನು ಇದ್ದಾನೆ. ಕತ್ತರಿಸಿದ ಚಿತ್ರದಲ್ಲಿ ಅವನೇ ಇಲ್ಲ.

ಇನ್ನೊಂದು ದಾರಿ ಟಿ.ವಿ.ಯನ್ನೇ ತಿದ್ದುವುದು. ಹಳೆಯ ಸೆಟ್ಟುಗಳ ಹಿಂಬದಿಯಲ್ಲಿ ಎತ್ತರ ಹೊಂದಿಸುವ ತಿರುಪು ಇರುತ್ತಿತ್ತು. ಆಮೇಲಿನವುಗಳಲ್ಲಿ ಅದು ಮೆಕ್ಯಾನಿಕ್‌ಗಳಿಗೆ ಮಾತ್ರ ಗೊತ್ತಿರುವ ಸರ್ವಿಸ್ ಮೋಡಿನೊಳಗೆ ಸೇರಿಕೊಂಡಿತು. ನಿಜವಾದ ಚಿಕಿತ್ಸೆ ಅದೇ, ಏಕೆಂದರೆ ಒಂದು ಗೆರೆಯೂ ಕಳೆಯುವುದಿಲ್ಲ, ಕೇಬಲ್ ಕಾರ್ಯಕ್ರಮಕ್ಕೂ ಅನ್ವಯಿಸುತ್ತದೆ. ಆದರೆ ಬಣ್ಣದ ಟ್ಯೂಬಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಹೆಚ್ಚಿನ ವಿದ್ಯುತ್ ಒತ್ತಡ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಅದು ಉಳಿದಿರಬಹುದು. ಡಬ್ಬ ಬಿಚ್ಚುವುದು ಕಲಿತವರ ಕೆಲಸ. ಪ್ಲೇಯರಿನ ದಾರಿಯಲ್ಲಿ ಆ ಅಪಾಯವಿಲ್ಲ.

ಅಳೆಯಲು ಡಿಸ್ಕುಗಳೂ ಬಂದವು. ಜೋ ಕೇನ್ ಅವರ ‘ವಿಡಿಯೊ ಎಸೆನ್ಷಿಯಲ್ಸ್’, ಅದರ ನಂತರದ ‘ಆವಿಯಾ’ ಡಿಸ್ಕುಗಳಲ್ಲಿ ಓವರ್‌ಸ್ಕ್ಯಾನ್ ಎಷ್ಟೆಂದು ತೋರಿಸುವ ಚಿತ್ರಗಳಿದ್ದವು. ಟಿ.ವಿ. ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಅಂಥ ಚಿತ್ರ ಹಾಕಿ, ಹೊರಗಿನ ಗುರುತುಗಳು ಚೌಕಟ್ಟಿನ ಒಳಗೆ ಬರುವವರೆಗೆ ಕುಗ್ಗಿಸುತ್ತ ಹೋಗಬೇಕು. ನಾಲ್ಕೂ ಬದಿಯ ನಷ್ಟ ಒಂದೇ ಇರುವುದು ಅಪರೂಪ. ಎಡಕ್ಕೆ ಹೆಚ್ಚು, ಬಲಕ್ಕೆ ಕಡಿಮೆ ಇರಬಹುದು. ಅಗಲವನ್ನೇ ತಿದ್ದಿ ಎತ್ತರ ಮರೆತರೆ ವೃತ್ತ ಮೊಟ್ಟೆಯಾಗುತ್ತದೆ, ಆದ್ದರಿಂದ ಕೊನೆಗೊಮ್ಮೆ ವೃತ್ತವಿರುವ ಚಿತ್ರ ಹಾಕಿ ನೋಡಲೇಬೇಕು.

ಎಲ್‌ಸಿಡಿ, ಪ್ಲಾಸ್ಮಾ ಬಂದಾಗ ಇದೆಲ್ಲ ಮುಗಿಯಬೇಕಿತ್ತು. ಅವುಗಳಲ್ಲಿ ಸುರುಳಿಯಿಲ್ಲ, ಕಿರಣವಿಲ್ಲ, ಚುಕ್ಕೆಗಳು ಎಣಿಸಿ ಇಟ್ಟಂತೆ ನಿಂತಿವೆ. ಆದರೂ ಕಾರ್ಖಾನೆಯಿಂದ ಬರುವಾಗಲೇ ಓವರ್‌ಸ್ಕ್ಯಾನ್ ಹಾಕಿದ ಸೆಟ್ಟುಗಳು ವರ್ಷಗಟ್ಟಲೆ ಮಾರಾಟವಾದವು, ಹಳೆಯ ಪ್ರಸಾರಗಳ ಅಂಚಿನಲ್ಲಿ ಇನ್ನೂ ಕಸ ಉಳಿದಿತ್ತೆಂಬ ಕಾರಣಕ್ಕೆ. ಇಲ್ಲಿ ನಷ್ಟ ಬೇರೆ ಥರದ್ದು. 1920ಕ್ಕೆ 1080 ಚುಕ್ಕೆಗಳ ಚಿತ್ರದಲ್ಲಿ ಪ್ರತಿ ಬದಿಯಿಂದ 2.5 ಶೇಕಡ ಕತ್ತರಿಸಿದರೆ ಉಳಿಯುವುದು 1824ಕ್ಕೆ 1026. ಅದನ್ನು ಮತ್ತೆ ಇಡೀ ಪರದೆಗೆ ಎಳೆಯುವುದರಿಂದ ಒಂದು ಚುಕ್ಕೆಯೂ ತನ್ನ ಜಾಗದಲ್ಲಿ ಕೂರುವುದಿಲ್ಲ. ಇಂಥ ಟಿ.ವಿ.ಗೆ ಪ್ಲೇಯರಿನಿಂದ ಕುಗ್ಗಿಸಿದ ಚಿತ್ರ ಕೊಟ್ಟರೆ ಒಬ್ಬ ಕುಗ್ಗಿಸಿದ್ದನ್ನು ಇನ್ನೊಬ್ಬ ಹಿಗ್ಗಿಸಿದಂತಾಗಿ ಮಸುಕು ಎರಡು ಪಟ್ಟಾಗುತ್ತದೆ. ಟ್ಯೂಬಿಗೆ ಮದ್ದಾದದ್ದು ಇಲ್ಲಿ ಸಲ್ಲದು. ಟಿ.ವಿ.ಯ ಮೆನುವಿನಲ್ಲೇ ಓವರ್‌ಸ್ಕ್ಯಾನ್ ಆರಿಸಬೇಕು. ಎಲ್‌ಜಿಯವರು ಅದಕ್ಕೆ ‘ಜಸ್ಟ್ ಸ್ಕ್ಯಾನ್’ ಎಂದರು, ಸೋನಿಯವರು ‘ಫುಲ್ ಪಿಕ್ಸೆಲ್’, ಶಾರ್ಪ್‌ನವರು ‘ಡಾಟ್ ಬೈ ಡಾಟ್’, ಸ್ಯಾಮ್‌ಸಂಗ್‌ನವರು ‘ಸ್ಕ್ರೀನ್ ಫಿಟ್’.

ಸ್ಟುಡಿಯೊಗಳ ಗಡಿಯೂ ಹೊರಕ್ಕೆ ಸರಿದಿದೆ: 2009ರಲ್ಲಿ ಎಸ್‌ಎಂಪಿಟಿಇ ಚಲನೆಗೆ 93, ಅಕ್ಷರಕ್ಕೆ 90 ಶೇಕಡ ಎಂದು ಬದಲಿಸಿತು. ಎಚ್‌ಡಿಎಂಐ ತಂತಿಯಲ್ಲಿ ಚಿತ್ರದ ಜೊತೆಗೇ ಅದನ್ನು ಪೂರ್ತಿ ತೋರಿಸಬೇಕೋ ಅಂಚು ಬಿಟ್ಟು ತೋರಿಸಬೇಕೋ ಎಂಬ ಸೂಚನೆಗೂ ಜಾಗವಿದೆ, ಪಾಲಿಸುವುದು ಬಿಡುವುದು ಟಿ.ವಿ.ಗೆ ಬಿಟ್ಟದ್ದು. ಹಳದಿ, ಕೆಂಪು, ಬಿಳಿ ಪಿನ್ನುಗಳ ಹಳೆಯ ಎವಿ ತಂತಿಯಲ್ಲಿ ಅಂಥ ಸೂಚನೆ ಹೋಗುವುದಿಲ್ಲ, ‘ಫುಲ್ ಪಿಕ್ಸೆಲ್’ನಂಥ ಆಯ್ಕೆಗಳೂ ಸಾಮಾನ್ಯವಾಗಿ ಎಚ್‌ಡಿಎಂಐಗೆ ಮಾತ್ರ ಸಿಗುತ್ತವೆ. ಹಳೆಯ ಡಿಸ್ಕುಗಳನ್ನು ಹಳೆಯ ಪ್ಲೇಯರಿನಲ್ಲೇ, ಆ ಮೂರು ಬಣ್ಣದ ತಂತಿಯಲ್ಲೇ ನೋಡುವ ಮನೆಗಳಿಗೆ ಇವತ್ತಿಗೂ ಉಳಿದಿರುವ ದಾರಿ, ಕೊಂಚ ಮಸುಕಾದರೂ, ಪ್ಲೇಯರಿನಲ್ಲೇ ಚಿತ್ರವನ್ನು ಕುಗ್ಗಿಸುವುದು.