ದೂರದ ದಾರಿಯಲ್ಲಿ ಟೈರಿನ ಗಾಳಿ: ಜೊತೆಗೊಯ್ಯುವ ಏರ್ ಕಂಪ್ರೆಸರ್ ಆಯ್ಕೆ ಹೇಗೆ?

ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳ ವ್ಯಾಪಾರವು ಬಹುಮಟ್ಟಿಗೆ ರಸ್ತೆಯನ್ನೇ ಅವಲಂಬಿಸಿದೆ. ದಾಂಡೇಲಿಯ ಕಾಗದ ಕಾರ್ಖಾನೆಗೆ ಬರುವ ಕಟ್ಟಿಗೆ, ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಸಾಗುವ ಕಬ್ಬು, ಗಣೇಶಗುಡಿಯ ಸುತ್ತಲಿನ ವಸತಿಗೃಹಗಳಿಗೆ ತಲುಪಬೇಕಾದ ದಿನಸಿ ಮತ್ತು ತರಕಾರಿ, ಮುಂಡಗೋಡದಿಂದ ಹುಬ್ಬಳ್ಳಿಯ ಪೇಟೆಗೆ ಹೋಗುವ ಭತ್ತ ಮತ್ತು ಗೋವಿನಜೋಳ, ಇವೆಲ್ಲವೂ ಚಕ್ರಗಳ ಮೇಲೆಯೇ ಸಾಗುತ್ತವೆ. ಪಟ್ಟಣದೊಳಗೆ ಟೈರಿನ ಗಾಳಿ ಇಳಿದರೆ ಹತ್ತು ನಿಮಿಷದ ತೊಂದರೆ. ಆದರೆ ಜೋಯಿಡಾದಿಂದ ಕುಂಬಾರವಾಡಾ, ಅಣಶಿ ಮಾರ್ಗವಾಗಿ ಕದ್ರಾದ ಕಡೆಗೆ ಇಳಿಯುವಾಗಲೋ, ರಾಮನಗರದಿಂದ ಅನಮೋಡ ಘಟ್ಟವನ್ನು ಹಾಯುವಾಗಲೋ ಅದೇ ಗಾಳಿ ಇಳಿದರೆ ಅರ್ಧ ದಿನದ ವ್ಯವಹಾರವೇ ಕೆಟ್ಟಂತೆ. ಈ ಭಾಗದ ಬಹಳಷ್ಟು ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಿತವಾಗಿ, 2015ರಿಂದ ಕಾಳಿ ಎಂಬ ಹೆಸರನ್ನು ಪಡೆದಿದೆ. ಅಂತಹ ದಾರಿಯಲ್ಲಿ ಕತ್ತಲೆಯಾದ ಮೇಲೆ ವಾಹನ ನಿಲ್ಲಿಸಿಕೊಂಡು ಕುಳಿತಿರುವುದು ಯಾರಿಗೂ ಕ್ಷೇಮವಲ್ಲ.

ಈ ಕಾರಣದಿಂದ ವಾಹನದ ಬ್ಯಾಟರಿಯಿಂದ ನಡೆಯುವ ಪುಟ್ಟ ಏರ್ ಕಂಪ್ರೆಸರ್‌ಗಳಿಗೆ ಬೇಡಿಕೆ ಬಂದಿದೆ. ಇವುಗಳನ್ನು ಕೊಳ್ಳುವವರಿಗೂ, ತಮ್ಮ ಅಂಗಡಿಯಲ್ಲಿಟ್ಟು ಮಾರುವವರಿಗೂ ಉಪಯೋಗವಾಗಲೆಂದು ಕೆಲವು ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಗಾಳಿ ಕಡಿಮೆಯಾದರೆ ಏನಾಗುತ್ತದೆ?

ಹೇರಿದ ಭಾರವನ್ನು ಹೊರುವುದು ರಬ್ಬರಲ್ಲ, ಅದರೊಳಗಿನ ಗಾಳಿ. ಒತ್ತಡ ಕಡಿಮೆಯಾದಾಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ಬಾಗಿದಷ್ಟೂ ಕಾವು ಹುಟ್ಟುತ್ತದೆ. ಭಾರ ಹೇರಿದ ಪಿಕಪ್ ವಾಹನವು ಇದೇ ಸ್ಥಿತಿಯಲ್ಲಿ ಹತ್ತಾರು ಕಿಲೋಮೀಟರು ಓಡಿದರೆ ಒಳಗಿನ ದಾರದ ಪದರಗಳು ಬಿಟ್ಟುಕೊಂಡು ಟೈರು ಸಿಡಿಯಬಹುದು. ಆದುದರಿಂದ ನಾಲ್ಕೈದು ಕಿಲೋಮೀಟರು ಹೇಗೋ ಹೋಗಿಬಿಡೋಣವೆಂಬ ಧೋರಣೆಯು ಕೆಲವು ನೂರು ರೂಪಾಯಿಯ ಪಂಕ್ಚರನ್ನು ಹೊಸ ಟೈರಿನ ಖರ್ಚಿಗೆ, ಒಮ್ಮೊಮ್ಮೆ ಅಪಘಾತಕ್ಕೆ ಒಯ್ಯುತ್ತದೆ.

ಪೆಟ್ಟಿಗೆಯ ಮೇಲಿನ ಅಂಕಿಗಳು

ಇಂತಹ ಯಂತ್ರಗಳ ಪೆಟ್ಟಿಗೆಯ ಮೇಲೆ 150 ಪಿ.ಎಸ್.ಐ. ಎಂದು ದೊಡ್ಡದಾಗಿ ಮುದ್ರಿಸಿರುತ್ತಾರೆ. ಇದು ಯಂತ್ರವು ತಲುಪಬಹುದಾದ ಗರಿಷ್ಠ ಒತ್ತಡವೇ ಹೊರತು ಕೆಲಸದ ವೇಗವಲ್ಲ. ಕಾರಿಗೆ ಬೇಕಾದುದು ಸಾಮಾನ್ಯವಾಗಿ 30ರಿಂದ 35 ಪಿ.ಎಸ್.ಐ. ಮಾತ್ರ. ನೋಡಬೇಕಾದ ಅಂಕಿ ಎಂದರೆ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಎಂಬುದು. ಅದನ್ನೂ ಸಾಮಾನ್ಯವಾಗಿ ಎದುರೊತ್ತಡವಿಲ್ಲದಾಗ ಅಳೆದಿರುತ್ತಾರೆ. ಟೈರಿನಲ್ಲಿ ಒತ್ತಡ ಏರಿದಂತೆ ಅದು ಇಳಿಯುತ್ತದೆ. ಬರೆದಿರುವುದರ ಅರ್ಧದಷ್ಟು ದೊರೆತೀತೆಂದು ಭಾವಿಸಿ ಲೆಕ್ಕ ಹಾಕುವುದು ಜಾಣತನ.

ಲೆಕ್ಕವು ಸುಲಭವಾಗಿದೆ. ಟೈರಿನ ಒಳಗಾತ್ರವನ್ನು ಲೀಟರಿನಲ್ಲಿ ತೆಗೆದುಕೊಂಡು, ಏರಿಸಬೇಕಾದ ಪಿ.ಎಸ್.ಐ.ಯಿಂದ ಗುಣಿಸಿ, 14.5ರಿಂದ ಭಾಗಿಸಿದರೆ ಬೇಕಾದ ಗಾಳಿಯ ಪ್ರಮಾಣ ಸಿಗುತ್ತದೆ. ಮೂರು ಉದಾಹರಣೆಗಳನ್ನು ನೋಡೋಣ.

ಸಣ್ಣ ಕಾರಿನ ಟೈರಿನ ಒಳಗಾತ್ರ 30 ಲೀಟರ್ ಎಂದಿಟ್ಟುಕೊಂಡು ಅದನ್ನು 16ರಿಂದ 32 ಪಿ.ಎಸ್.ಐ.ಗೆ ಏರಿಸಲು ಸುಮಾರು 33 ಲೀಟರ್ ಗಾಳಿ ಬೇಕು. 50 ಲೀಟರ್ ಗಾತ್ರದ ಪಿಕಪ್ ಟೈರನ್ನು 26ರಿಂದ 55ಕ್ಕೆ ಏರಿಸಲು 100 ಲೀಟರ್ ಬೇಕು. 150 ಲೀಟರ್ ಗಾತ್ರದ ಲಾರಿಯ ಟೈರನ್ನು 50ರಿಂದ 108ಕ್ಕೆ ಏರಿಸಲು 600 ಲೀಟರ್ ಬೇಕು. ನಿಮಿಷಕ್ಕೆ 30 ಲೀಟರ್ ಎಂದು ಬರೆದಿರುವ ಯಂತ್ರವು ವಾಸ್ತವದಲ್ಲಿ 15 ಲೀಟರ್ ಕೊಟ್ಟಿತೆಂದರೆ ಕಾರಿನ ಕೆಲಸ ಎರಡು ನಿಮಿಷಕ್ಕೆ ತುಸು ಹೆಚ್ಚು, ಪಿಕಪ್ಪಿನದು ಸುಮಾರು ಏಳು ನಿಮಿಷ, ಲಾರಿಯದು ನಲವತ್ತು ನಿಮಿಷ ಹಿಡಿಯುತ್ತದೆ.

ಇಲ್ಲಿಯೇ ಇನ್ನೊಂದು ಮಿತಿ ಎದುರಾಗುತ್ತದೆ. ಈ ಪುಟ್ಟ ಯಂತ್ರಗಳು ಬಹುಬೇಗ ಕಾಯುತ್ತವೆ. ಹತ್ತು ಹದಿನೈದು ನಿಮಿಷ ನಡೆಸಿದ ಮೇಲೆ ಅಷ್ಟೇ ಹೊತ್ತು ವಿಶ್ರಾಂತಿ ಕೊಡಬೇಕೆಂದು ಕೈಪಿಡಿಯಲ್ಲಿ ತಿಳಿಸಿರುತ್ತಾರೆ. ಆದ್ದರಿಂದ ಲಾರಿಯ ಟೈರಿಗೆ ಈ ಯಂತ್ರವನ್ನು ಕೊಳ್ಳುವುದು ವ್ಯರ್ಥ. ಏರ್ ಬ್ರೇಕ್ ಇರುವ ಲಾರಿಯಲ್ಲಿ ಅದರದೇ ಕಂಪ್ರೆಸರ್ ಇರುತ್ತದೆ. ಟೈರಿಗೆ ಗಾಳಿ ತುಂಬುವ ಕಿಂಡಿಯನ್ನು ಅನೇಕ ಮಾದರಿಗಳಲ್ಲಿ ಕಂಪನಿಯವರೇ ಒದಗಿಸಿರುತ್ತಾರೆ. ಅದಕ್ಕೆ ಹೊಂದುವ ಉದ್ದನೆಯ ಕೊಳವೆಯೊಂದನ್ನು ಮಾಡಿಸಿಟ್ಟುಕೊಂಡರೆ ಸಾಕು.

ವಿದ್ಯುತ್ತು ಎಲ್ಲಿಂದ?

ಕಾರಿನ ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಾಮಾನ್ಯವಾಗಿ 10ರಿಂದ 15 ಆಂಪಿಯರಿನ ಫ್ಯೂಸ್ ಇರುತ್ತದೆ. 12 ವೋಲ್ಟಿನಲ್ಲಿ ಇದು 120ರಿಂದ 180 ವ್ಯಾಟ್ ಆಯಿತು. ಇದಕ್ಕೂ ಹೆಚ್ಚು ಎಳೆಯುವ ಯಂತ್ರವನ್ನು ಅಲ್ಲಿ ಸಿಕ್ಕಿಸಿದರೆ ಫ್ಯೂಸ್ ಹೋಗುತ್ತದೆ. ದಾರಿಯಲ್ಲಿ ಮೊದಲಿನದರ ಜೊತೆಗೆ ಎರಡನೆಯ ತೊಂದರೆ ಸೇರುತ್ತದೆ. ಪಿಕಪ್ ಮತ್ತು ಟ್ರ್ಯಾಕ್ಟರ್ ಇಟ್ಟವರು ಬ್ಯಾಟರಿಯ ಕಂಬಗಳಿಗೆ ನೇರವಾಗಿ ಕಚ್ಚಿಸುವ ಕ್ಲಿಪ್ಪುಗಳಿರುವ, ಎರಡು ಸಿಲಿಂಡರಿನ ಯಂತ್ರವನ್ನು ಆರಿಸುವುದು ಒಳ್ಳೆಯದು. ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುವುದರಿಂದ 12 ವೋಲ್ಟಿನ ಯಂತ್ರವನ್ನು ಅಲ್ಲಿ ಜೋಡಿಸಿದರೆ ಸುಟ್ಟುಹೋಗುವುದು ನಿಶ್ಚಿತ. ಗಾಳಿ ತುಂಬುವಾಗ ಎಂಜಿನ್ನು ನಡೆಯುತ್ತಿರಲಿ, ವಾಹನ ಬಯಲಿನಲ್ಲಿರಲಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನಿನ ಹೊಗೆ ಪ್ರಾಣಾಪಾಯಕಾರಿ.

ಚಾರ್ಜ್ ಮಾಡಬಹುದಾದ ಬ್ಯಾಟರಿಯನ್ನು ಒಳಗೇ ಹೊಂದಿದ ಯಂತ್ರಗಳೂ ಈಗ ಬಂದಿವೆ. ದ್ವಿಚಕ್ರ ವಾಹನದಲ್ಲಿ ಹಳ್ಳಿ ಹಳ್ಳಿ ತಿರುಗಿ ವಸೂಲಿ ಮಾಡುವವರಿಗೆ, ಸಂತೆಗೆ ಹೋಗುವವರಿಗೆ ಇವು ಅನುಕೂಲ. ಆದರೆ ಉಪಯೋಗಿಸದೆ ಇಟ್ಟರೂ ಅವುಗಳ ಚಾರ್ಜು ನಿಧಾನವಾಗಿ ಇಳಿಯುತ್ತದೆ. ತಿಂಗಳಿಗೊಮ್ಮೆ ನೋಡಿಕೊಳ್ಳುವ ಅಭ್ಯಾಸವಿಲ್ಲದವರು ತಂತಿಯ ಯಂತ್ರವನ್ನೇ ಕೊಳ್ಳುವುದು ಲೇಸು.

ಅಂಗಡಿಯಲ್ಲಿ ಪರೀಕ್ಷಿಸಬೇಕಾದುದು

ಮೊದಲನೆಯದಾಗಿ, ತಂತಿ ಮತ್ತು ಕೊಳವೆ ಕೂಡಿ ನಾಲ್ಕೂ ಚಕ್ರಗಳನ್ನು ಮುಟ್ಟುತ್ತವೆಯೇ ಎಂದು ನಿಮ್ಮ ವಾಹನದಲ್ಲಿಯೇ ಅಳೆದು ನೋಡಿರಿ. ಎರಡನೆಯದಾಗಿ, ಕೊಳವೆಯ ತುದಿಯನ್ನು ಗಮನಿಸಿರಿ. ತಿರುಪಿನ ತುದಿ ಗಟ್ಟಿಯಾಗಿ ಕೂರುತ್ತದೆ, ಆದರೆ ಬಿಚ್ಚುವಾಗ ಸ್ವಲ್ಪ ಗಾಳಿ ಹೋಗುತ್ತದೆ ಮತ್ತು ಹಿತ್ತಾಳೆ ಕೈ ಸುಡುವಷ್ಟು ಕಾದಿರುತ್ತದೆ. ಕಾರು, ಬೈಕುಗಳ ವಾಲ್ವು ಒಂದೇ ಬಗೆಯದು. ಸೈಕಲ್ಲಿಗೆ ಬೇರೆ ತುದಿ ಬೇಕು. ಮೂರನೆಯದಾಗಿ, ಯಂತ್ರದ ಮೇಲಿನ ಮಾಪಕವನ್ನೇ ಪೂರ್ತಿ ನಂಬದೆ ಪ್ರತ್ಯೇಕ ಒತ್ತಡಮಾಪಕವೊಂದನ್ನು ಕೊಳ್ಳಿರಿ. ನಾಲ್ಕನೆಯದಾಗಿ, ಒಂದು ಟೈರಿನ ಗಾಳಿಯನ್ನು 16 ಪಿ.ಎಸ್.ಐ.ಗೆ ಇಳಿಸಿ, ಗಡಿಯಾರ ಹಿಡಿದು 32ಕ್ಕೆ ಏರಿಸಿ ತೋರಿಸಲು ಕೇಳಿರಿ. ನಾಲ್ಕೈದು ನಿಮಿಷ ಮೀರಿದರೆ ಆ ಯಂತ್ರ ಕಾರಿಗೂ ಸಾಲದು. ಮಾರುವವರು ತಾವಾಗಿಯೇ ಈ ಪರೀಕ್ಷೆ ಮಾಡಿ ತೋರಿಸಿದರೆ ಗಿರಾಕಿಯ ವಿಶ್ವಾಸವೂ ಬೆಳೆಯುತ್ತದೆ, ಮರಳಿ ಬರುವ ಮಾಲೂ ಕಡಿಮೆಯಾಗುತ್ತದೆ. ಬಿಲ್ಲು ಮತ್ತು ಗ್ಯಾರಂಟಿ ಪತ್ರವನ್ನು ಇಬ್ಬರೂ ಮರೆಯಬಾರದು.

ಯಂತ್ರದಿಂದ ಆಗದ ಕೆಲಸ

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದಾಗ ಗಾಳಿ ನಿಧಾನವಾಗಿ ಇಳಿಯುತ್ತದೆ. ಮೊಳೆಯನ್ನು ಕೀಳದೆ ಗಾಳಿ ತುಂಬಿ ಸಮೀಪದ ಊರನ್ನು ಸೇರಬಹುದು. ಆದರೆ ಟ್ಯೂಬ್ ಇರುವ ಟೈರಿನಲ್ಲಿ ಗಾಳಿ ಒಮ್ಮೆಲೇ ಹೋಗುವುದರಿಂದ ಸ್ಟೆಪ್ನಿಯೇ ಗತಿ. ಪಕ್ಕದ ಗೋಡೆ ಹರಿದಿದ್ದರೆ ಅಥವಾ ಟೈರಿನ ಅಂಚು ರಿಮ್ಮಿನಿಂದ ಜಾರಿದ್ದರೆ ಸಣ್ಣ ಯಂತ್ರದ ಆಟ ನಡೆಯದು. 2020ರಲ್ಲಿ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ ಟ್ಯೂಬ್‌ಲೆಸ್ ಟೈರು, ಒತ್ತಡ ಸೂಚಕ ಹಾಗೂ ದುರಸ್ತಿ ಸಾಮಗ್ರಿಗಳಿರುವ 3.5 ಟನ್ನಿನವರೆಗಿನ ಪ್ರಯಾಣಿಕ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಆದರೂ ನಮ್ಮ ಘಟ್ಟದ ದಾರಿಗಳಲ್ಲಿ ಓಡಾಡುವವರು ಹೊಸ ಕಾರು ಕೊಳ್ಳುವಾಗ ಸ್ಟೆಪ್ನಿ ಇದೆಯೇ ಎಂದು ವಿಚಾರಿಸುವುದು ಹಿತಕರ.

ಕೊನೆಯದಾಗಿ, ಒತ್ತಡವನ್ನು ಬೆಳಿಗ್ಗೆ ಹೊರಡುವ ಮೊದಲೇ, ಟೈರು ತಣ್ಣಗಿರುವಾಗ ಅಳೆಯಬೇಕು. ಹಳಿಯಾಳದಿಂದ ದಾಂಡೇಲಿಯವರೆಗೆ ಓಡಿದ ಟೈರಿನಲ್ಲಿ ಕಾವಿನಿಂದ ಮೂರು ನಾಲ್ಕು ಪಿ.ಎಸ್.ಐ. ಹೆಚ್ಚು ತೋರಬಹುದು. ಅದನ್ನು ಕಂಡು ಗಾಳಿ ಬಿಡಬಾರದು. ವಾರಕ್ಕೊಮ್ಮೆ ಹೀಗೆ ಅಳೆದು ನೋಡುವ ವಾಹನಕ್ಕೆ ನಡುದಾರಿಯಲ್ಲಿ ಕಂಪ್ರೆಸರಿನ ಅಗತ್ಯವೇ ಅಪರೂಪವಾಗುತ್ತದೆ. ಆದರೆ ಅಗತ್ಯ ಬಿದ್ದ ದಿನ ಅದು ಮನೆಯ ಅಟ್ಟದ ಮೇಲಿರದೆ ವಾಹನದಲ್ಲಿಯೇ ಇರಬೇಕು.