ಗುರುಗಳಿಗೆ ಪಾಠ ಹೇಳುವ ಹದಿನಾರು ಮಂದಿ

ವೈದ್ಯನಾಗಬೇಕೆನ್ನುವವನು ವರ್ಷಗಟ್ಟಲೆ ವೈದ್ಯಕೀಯ ಕಾಲೇಜಿನಲ್ಲಿ ದುಡಿಯಬೇಕೆಂಬ ಬಗ್ಗೆ ಯಾರಿಗೂ ಸಂಶಯವಿಲ್ಲ. ಸೇತುವೆ ಕಟ್ಟುವವನು ಲೆಕ್ಕಾಚಾರವನ್ನು ಅರಿತಿರಲೇಬೇಕೆಂದು ಎಲ್ಲರೂ ಒಪ್ಪುತ್ತೇವೆ. ಆದರೆ ಉಪಾಧ್ಯಾಯನ ಮಾತು ಬಂದಾಗ ಮಾತ್ರ, "ವಿಷಯ ಗೊತ್ತಿದ್ದರಾಯಿತು, ಪಾಠ ಹೇಳುವುದನ್ನೇನು ಕಲಿಯುವುದು? ಹಾಡುತ್ತ ಹಾಡುತ್ತ ರಾಗ ಬರುವುದಿಲ್ಲವೆ?" ಎಂದು ಬಿಡುತ್ತೇವೆ. ರಾಗ ಬರುವುದೇನೋ ನಿಜ. ಆದರೆ ಅದು ಬರುವ ತನಕ ಅಪಸ್ವರವನ್ನು ಕೇಳುತ್ತ ಕುಳಿತಿರಬೇಕಾದವರು ಯಾರು? ನಮ್ಮ ನಿಮ್ಮ ಮನೆಯ ಮಕ್ಕಳೇ ಅಲ್ಲವೆ?

ಆ ಅಪಸ್ವರದ ಕಾಲವನ್ನು ಆದಷ್ಟು ಮೊಟಕುಗೊಳಿಸುವುದೇ ಶಿಕ್ಷಕ ಶಿಕ್ಷಣ ವಿಭಾಗದ ಕೆಲಸ. ಬಿ.ಎಡ್. ಕಾಲೇಜು ಎಂದು ಜನ ಕರೆಯುವ ಈ ಮನೆಯ ಹೆಸರನ್ನು ಕೇಳದವರಿಲ್ಲ. ಆದರೆ ಅದರೊಳಗೆ ಯಾರಿದ್ದಾರೆ, ಏನು ಮಾಡುತ್ತಾರೆ ಎಂಬುದನ್ನು ಬಲ್ಲವರು ವಿರಳ. ಓದುಗರನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯುವುದು ಈ ಲೇಖನದ ಉದ್ದೇಶ.

ಹಳೆಯ ಮನೆತನ

ಈ ವಿದ್ಯೆ ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ. ಮದರಾಸಿನಲ್ಲಿ ಉಪಾಧ್ಯಾಯರ ತರಬೇತಿಗಾಗಿಯೇ ಒಂದು ಶಾಲೆ 1856ರಲ್ಲಿ ಆರಂಭವಾಯಿತು. ಮುಂದೆ ಸೈದಾಪೇಟೆಯ ಕಾಲೇಜೆಂದು ಹೆಸರಾದದ್ದು ಅದೇ. ತತ್ತ್ವಶಾಸ್ತ್ರದ ಎಂ.ಎ. ಪದವೀಧರರಾಗಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರೂ ತಮ್ಮ ವೃತ್ತಿಯ ಆರಂಭದಲ್ಲಿ ಅಲ್ಲಿಗೆ ತರಬೇತಿಗೆ ಹೋಗಬೇಕಾಯಿತು. ಆಮೇಲೆ 1918ರಲ್ಲಿ ಅವರು ಮೈಸೂರಿಗೆ ಪ್ರಾಧ್ಯಾಪಕರಾಗಿ ಬಂದರು; 1962ರಿಂದ ಅವರ ಹುಟ್ಟುಹಬ್ಬವೇ ಶಿಕ್ಷಕರ ದಿನವಾಯಿತು. ಅಂಥವರಿಗೂ ಬೇಡವೆನ್ನಿಸದ ತರಬೇತಿ ಉಳಿದವರಿಗೆ ಬೇಡವೆನ್ನುವುದು ಹೇಗೆ?

ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ನಾಡಿನಲ್ಲಿ ಈ ಕೆಲಸಕ್ಕೆ ಇನ್ನೊಂದು ಅರ್ಥವೂ ಇದ್ದಿತು. ಅಲ್ಲಿನ ಶಾಲೆಗಳಲ್ಲಿ ಮರಾಠಿಯೇ ಮೇಲುಗೈಯಾಗಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಕನ್ನಡ ಉಪಾಧ್ಯಾಯರನ್ನು ಸಿದ್ಧಗೊಳಿಸಿದರು. ಶಾಲೆ ತೆರೆಯುವುದಕ್ಕೆ ಅಪ್ಪಣೆ ಸಾಕು. ಆದರೆ ಅದನ್ನು ನಡೆಸುವುದಕ್ಕೆ ಉಪಾಧ್ಯಾಯ ಬೇಕು ಎಂಬ ಸರಳ ಸತ್ಯವನ್ನು ಅವರು ಮನಗಂಡಿದ್ದರು. ಶಾಲಾ ಮಾಸ್ತರರಿಗಾಗಿಯೇ 'ಮಠಪತ್ರಿಕೆ' ಎಂಬ ಮಾಸಪತ್ರಿಕೆ 1865ರಲ್ಲಿ ಬೆಳಗಾವಿಯಿಂದ ಹೊರಟಿತು. ಅದರ ಪರಂಪರೆಯೇ ಮುಂದೆ 'ಜೀವನ ಶಿಕ್ಷಣ'ವೆಂಬ ಹೆಸರಿನಲ್ಲಿ ಮುಂದುವರಿಯಿತು.

ಮನೆಯವರ ಪರಿಚಯ

ಈಗ ವಿಭಾಗದೊಳಕ್ಕೆ ಬರೋಣ. ಎರಡು ವರ್ಷದ ಬಿ.ಎಡ್. ಶಿಕ್ಷಣಕ್ಕೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ನಿಯಮಗಳನ್ನು ರಚಿಸಿತು. ಅವುಗಳ ಪ್ರಕಾರ ವರ್ಷಕ್ಕೆ ನೂರರಂತೆ ಎರಡು ವರ್ಷಗಳಿಗೆ ಇನ್ನೂರು ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ 16 ಮಂದಿ ಪೂರ್ಣಾವಧಿ ಅಧ್ಯಾಪಕರು ಇರತಕ್ಕದ್ದು. ಈ ಹದಿನಾರು ಮಂದಿ ಯಾರು ಯಾರೆಂದು ನೋಡಿದರೆ ಸಾಕು, ಉಪಾಧ್ಯಾಯನಿಗೆ ಏನೇನು ತಿಳಿದಿರಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಮೊದಲನೆಯವರು ಪ್ರಾಚಾರ್ಯರು. ಅವರ ಭಾರ ಒಳಗಿಗಿಂತ ಹೊರಗೇ ಹೆಚ್ಚು. ಊರಿನ ಶಾಲೆಗಳ ಬಾಗಿಲು ತಟ್ಟಿ, "ನಮ್ಮ ವಿದ್ಯಾರ್ಥಿಗಳಿಗೆ ನಿಮ್ಮ ತರಗತಿಗಳನ್ನು ಕೊಡಿ" ಎಂದು ಕೇಳಿಕೊಳ್ಳಬೇಕಾದವರು ಅವರೇ.

ಮುಂದಿನ ನಾಲ್ವರು ಶಿಕ್ಷಣದ ತಳಹದಿಯನ್ನು ಬೋಧಿಸುವವರು: ಮನಶ್ಶಾಸ್ತ್ರ, ತತ್ತ್ವಶಾಸ್ತ್ರ, ಸಮಾಜಶಾಸ್ತ್ರ ಇವರ ಕ್ಷೇತ್ರ. ಇವರ ಪಾಠ ಒಣ ಸಿದ್ಧಾಂತವೆಂದು ಭಾವಿಸಬೇಡಿ. ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ (1896-1980) ತೋರಿಸಿದ ಒಂದು ಪ್ರಯೋಗವನ್ನು ನೀವು ಮನೆಯಲ್ಲಿಯೇ ಮಾಡಿ ನೋಡಬಹುದು. ಒಂದೇ ಬಗೆಯ ಎರಡು ಲೋಟಗಳಲ್ಲಿ ಸಮವಾಗಿ ನೀರು ಹಾಕಿ, ನಾಲ್ಕೈದು ವರ್ಷದ ಮಗುವಿನ ಎದುರಿಗೇ ಒಂದರ ನೀರನ್ನು ಎತ್ತರವಾದ ಕಿರಿದಾದ ಲೋಟಕ್ಕೆ ಸುರಿಯಿರಿ. ಯಾವುದರಲ್ಲಿ ಹೆಚ್ಚು ಎಂದರೆ ಸಾಮಾನ್ಯವಾಗಿ ಮಗು ಎತ್ತರದ ಲೋಟವನ್ನು ತೋರಿಸುತ್ತದೆ. ಅದು ದಡ್ಡತನವಲ್ಲ, ಆ ವಯಸ್ಸಿನ ತರ್ಕ. ಇದನ್ನು ಅರಿಯದ ಉಪಾಧ್ಯಾಯ ಗದರಿಸುತ್ತಾನೆ. ಅರಿತವನು ನೀರನ್ನು ಮರಳಿ ಮೊದಲಿನ ಲೋಟಕ್ಕೆ ಸುರಿದು ತೋರಿಸುತ್ತಾನೆ.

ಅನಂತರದ ಎಂಟು ಮಂದಿ ಬೋಧನಶಾಸ್ತ್ರದವರು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಭಾಷೆ ಇವುಗಳನ್ನು ಹೇಗೆ ಕಲಿಸಬೇಕೆಂಬುದು ಇವರ ಪಾಲಿನ ಪಾಠ. ಕನ್ನಡವನ್ನು ಕಲಿಸುವವನಾದ ನನಗೆ ಇವರಲ್ಲಿ ಭಾಷಾಬೋಧಕರ ಮೇಲೆ ಸ್ವಲ್ಪ ಪಕ್ಷಪಾತವಿದ್ದರೆ ಓದುಗರು ಮನ್ನಿಸಬೇಕು. ಕನ್ನಡ ಎಂ.ಎ. ಓದಿದವನಿಗೆ ಷಟ್ಪದಿಯ ಲಕ್ಷಣ ಗೊತ್ತಿರುತ್ತದೆ. ಆದರೆ ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ತೆಲುಗನ್ನೋ ಆಡುವ ಹುಡುಗನಿಗೆ ಕನ್ನಡದ ವಾಕ್ಯವೊಂದು ಸಹಜವಾಗಿ ನಾಲಗೆಗೆ ಬರುವಂತೆ ಮಾಡುವುದು ಹೇಗೆ ಎಂಬುದು ಎಂ.ಎ. ಪಠ್ಯದಲ್ಲಿಲ್ಲ. 'ಹಾಲು' ಎಂಬುದನ್ನು 'ಆಲು' ಎನ್ನುವ ಹುಡುಗಿಯನ್ನು ತರಗತಿಯ ಮುಂದೆ ನಗೆಪಾಟಲಾಗಿಸದೆ ತಿದ್ದುವುದು ಹೇಗೆ, ಮನೆಮಾತು ತಪ್ಪಲ್ಲ, ಬರಹದ ಮಾತು ಬೇರೆ ಎಂದು ತಿಳಿಹೇಳುವುದು ಹೇಗೆ ಎಂಬುದೂ ಒಂದು ಶಾಸ್ತ್ರವೇ. ಪಾಂಡಿತ್ಯ ಬೇರೆ, ಪಾಠ ಬೇರೆ. ಎರಡೂ ಒಬ್ಬನಲ್ಲಿ ಕೂಡಿದರೆ ಮಕ್ಕಳ ಪುಣ್ಯ.

ಉಳಿದ ಮೂವರಲ್ಲಿ ಒಬ್ಬರು ಆರೋಗ್ಯ ಮತ್ತು ದೈಹಿಕ ಶಿಕ್ಷಣದವರು, ಇನ್ನೊಬ್ಬರು ಚಿತ್ರಕಲೆಯವರು, ಮತ್ತೊಬ್ಬರು ಸಂಗೀತ, ನೃತ್ಯ, ನಾಟಕಗಳ ಕಡೆಯವರು. ಇವರನ್ನು ಆಡಂಬರವೆಂದು ಎಣಿಸುವವರುಂಟು. ಆದರೆ ಕರಿಹಲಗೆಯ ಮೇಲೆ ಒಂದು ಹೂವನ್ನು ನೆಟ್ಟಗೆ ಬರೆಯಲಾರದ ವಿಜ್ಞಾನದ ಉಪಾಧ್ಯಾಯ, ಕೊನೆಯ ಬೆಂಚಿಗೆ ಮುಟ್ಟುವಂತೆ ಧ್ವನಿಯನ್ನು ಪಳಗಿಸಿಕೊಳ್ಳದ ಭಾಷೆಯ ಉಪಾಧ್ಯಾಯ, ಇವರ ಕಷ್ಟವನ್ನು ಕಂಡವರು ಹಾಗೆನ್ನಲಾರರು.

ಮೂವತ್ತಾರು ನಿಮಿಷದ ಪಾಠ

ವಿಭಾಗದ ದಿನಚರಿಯಲ್ಲಿ ಅತ್ಯಂತ ಸ್ವಾರಸ್ಯವಾದದ್ದು ಸೂಕ್ಷ್ಮಬೋಧನೆ. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಈ ಪದ್ಧತಿ 1970ರ ದಶಕದಲ್ಲಿ ನಮ್ಮ ದೇಶದ ಸ್ಥಿತಿಗತಿಗಳಿಗೆ ಹೊಂದಿಕೊಂಡಿತು. ಇದರಲ್ಲಿ ಇಡೀ ಪಾಠವನ್ನು ಹೇಳುವಂತಿಲ್ಲ. ಒಂದು ಸಲಕ್ಕೆ ಒಂದೇ ಕೌಶಲ. ಪ್ರಶ್ನೆ ಕೇಳುವುದು, ಕರಿಹಲಗೆಯ ಮೇಲೆ ಬರೆಯುವುದು, ಉದಾಹರಣೆ ಕೊಟ್ಟು ವಿವರಿಸುವುದು, ಇಂಥವುಗಳಲ್ಲಿ ಯಾವುದಾದರೊಂದು. ಸಹಪಾಠಿಗಳೇ ಮಕ್ಕಳ ಜಾಗದಲ್ಲಿ ಕುಳಿತಿರುತ್ತಾರೆ. 6 ನಿಮಿಷ ಪಾಠ. 6 ನಿಮಿಷ ವಿಮರ್ಶೆ. 12 ನಿಮಿಷ ಪಾಠವನ್ನು ಮತ್ತೆ ಹೊಂದಿಸಿಕೊಳ್ಳುವುದಕ್ಕೆ. 6 ನಿಮಿಷ ಮರುಪಾಠ. 6 ನಿಮಿಷ ಮರುವಿಮರ್ಶೆ. ಒಟ್ಟು 36 ನಿಮಿಷ.

ಕೇಳುವುದಕ್ಕೆ ಸುಲಭ. ಆದರೆ ಪದವಿಯಲ್ಲಿ ಮೊದಲ ದರ್ಜೆ ಪಡೆದ ತರುಣನೂ ಈ ಆರು ನಿಮಿಷಗಳಲ್ಲಿ ಬೆವರುತ್ತಾನೆ. ಪ್ರಶ್ನೆ ಕೇಳಿ, ಉತ್ತರ ಬರುವ ಮೊದಲೇ ತಾನೇ ಉತ್ತರ ಹೇಳಿಬಿಡುತ್ತಾನೆ. ಎದುರಿನ ಬೆಂಚಿನ ಇಬ್ಬರನ್ನೇ ನೋಡುತ್ತ ಉಳಿದವರನ್ನು ಮರೆಯುತ್ತಾನೆ. ಈ ಸಣ್ಣ ದೋಷಗಳು ಸಹಪಾಠಿಗಳ ಮುಂದೆಯೇ ಹೊರಬೀಳುವುದು ಒಳಿತು. ಅಲ್ಲಿ ನಷ್ಟವಾಗುವುದು ಬಿಂಕವೊಂದೇ, ಮಕ್ಕಳ ಓದಲ್ಲ.

ಇದಾದ ಮೇಲೆ ನಿಜವಾದ ಶಾಲೆ. ಎರಡು ವರ್ಷಗಳಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿ ಕಳೆಯಬೇಕೆಂದು ನಿಯಮ: ಮೊದಲನೆಯ ವರ್ಷದಲ್ಲಿ 4, ಎರಡನೆಯದರಲ್ಲಿ 16. ಕಾಲೇಜಿನ ತರಗತಿಗಳಿಗೆ ಶೇಕಡಾ 80ರಷ್ಟು ಹಾಜರಾತಿ ಸಾಕಾದರೆ, ಇಲ್ಲಿ ಶೇಕಡಾ 90ರಷ್ಟು ಬೇಕು. ಹಿಂದಿನ ಬೆಂಚಿನಲ್ಲಿ ಕುಳಿತ ಮೇಲ್ವಿಚಾರಕರು ಪುಸ್ತಕದಲ್ಲಿ ಬರೆಯುವ ನಾಲ್ಕು ಸಾಲು ಅನೇಕರಿಗೆ ಜನ್ಮವಿಡೀ ನೆನಪಿರುತ್ತದೆ.

ಮೈಸೂರಿನ ಪ್ರಯೋಗ, ದೇಶದ ನಿಯಮ

ಈಚಿನ ವರ್ತಮಾನಗಳಲ್ಲಿ ದೊಡ್ಡದು ನಾಲ್ಕು ವರ್ಷದ ಸಮಗ್ರ ಶಿಕ್ಷಕ ಶಿಕ್ಷಣ. ಪದವಿ ಬೇರೆ, ತರಬೇತಿ ಬೇರೆ ಎನ್ನದೆ ಎರಡನ್ನೂ ಒಟ್ಟಿಗೆ ಹೆಣೆದ ಈ ಶಿಕ್ಷಣ 2023-24ರಲ್ಲಿ ಆಯ್ದ ಸಂಸ್ಥೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 2030ರ ವೇಳೆಗೆ ಉಪಾಧ್ಯಾಯರಾಗುವುದಕ್ಕೆ ಇದೇ ಕನಿಷ್ಠ ಅರ್ಹತೆಯಾಗಬೇಕೆಂಬುದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯ.

ಕನ್ನಡಿಗರಿಗೆ ಇದು ಪೂರ್ತಿ ಹೊಸದಲ್ಲವೆಂಬುದು ಸಂತೋಷದ ಸಂಗತಿ. 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರಗಳ ಜೊತೆಗೆ ಮೈಸೂರಿನಲ್ಲಿಯೂ ಪ್ರಾದೇಶಿಕ ಶಿಕ್ಷಣ ಕಾಲೇಜು ಸ್ಥಾಪಿತವಾಯಿತು. ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೇ ಅದು. ದಕ್ಷಿಣದ ರಾಜ್ಯಗಳಿಗೆಲ್ಲ ಸಂಬಂಧಿಸಿದ ಈ ಸಂಸ್ಥೆಯಲ್ಲಿ ವಿಜ್ಞಾನ ಪದವಿಯನ್ನೂ ಬೋಧನೆಯ ತರಬೇತಿಯನ್ನೂ ನಾಲ್ಕು ವರ್ಷಗಳಲ್ಲಿ ಒಟ್ಟಿಗೆ ಕೊಡುವ ಕ್ರಮ ಅಂದಿನಿಂದಲೂ ಬೆಳೆದುಬಂದಿತು. ಆವರಣದಲ್ಲಿಯೇ ಒಂದು ಪ್ರಾತ್ಯಕ್ಷಿಕ ಶಾಲೆಯೂ ಇದೆ. ಕಲಿತದ್ದನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಅರುವತ್ತು ವರ್ಷಗಳ ಹಿಂದೆ ಪ್ರಯೋಗವೆನಿಸಿದ್ದು ಈಗ ದೇಶದ ಗುರಿಯಾಗಿದೆ.

ಇನ್ನೊಂದು ವರ್ತಮಾನ ನ್ಯಾಯಾಲಯದ್ದು. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಪಾಠ ಹೇಳಲು ಬಿ.ಎಡ್. ಪದವಿ ಅರ್ಹತೆಯಲ್ಲವೆಂದೂ ಅದಕ್ಕೆಂದೇ ಇರುವ ಡಿ.ಎಲ್.ಎಡ್. ತರಬೇತಿ ಬೇಕೆಂದೂ ಸರ್ವೋಚ್ಚ ನ್ಯಾಯಾಲಯ 2023ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. ನಮ್ಮಲ್ಲಿ ಹಿಂದೆ ಟಿ.ಸಿ.ಎಚ್. ಎನ್ನುತ್ತಿದ್ದ ಬಗೆಯ ಶಿಕ್ಷಣವಿದು. ಮೇಲಿನ ಪದವಿಯಿದ್ದರೆ ಕೆಳಗಿನ ಕೆಲಸ ತಾನಾಗಿ ಬರುತ್ತದೆಂಬ ನಂಬಿಕೆಗೆ ಇದರಿಂದ ಪೆಟ್ಟು ಬಿದ್ದಿತು. ಆರು ವರ್ಷದ ಮಗುವಿಗೆ ಅಕ್ಷರ ಕಲಿಸುವುದು ಕೆಳಗಿನ ಕೆಲಸವಲ್ಲ, ಬೇರೆಯೇ ಕೆಲಸ.

ಕಹಿಯಾದ ಮಾತು

ಒಳ್ಳೆಯ ಸುದ್ದಿಯನ್ನಷ್ಟೇ ಹೇಳಿ ಮುಗಿಸಿದರೆ ಅರ್ಧ ಸತ್ಯವಾದೀತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಶಿಕ್ಷಕ ಶಿಕ್ಷಣದ ಸ್ಥಿತಿಯನ್ನು ಪರಿಶೀಲಿಸಿತು. ಹತ್ತು ಸಾವಿರಕ್ಕೂ ಮಿಕ್ಕ ಬಿಡಿ ಸಂಸ್ಥೆಗಳಲ್ಲಿ ಹೆಚ್ಚಿನವು ಗಂಭೀರವಾದ ಬೋಧನೆಯ ಗೋಜಿಗೇ ಹೋಗದೆ ಹಣಕ್ಕೆ ಪದವಿಯನ್ನು ಮಾರುತ್ತಿವೆಯೆಂಬ ಅದರ ಅಭಿಪ್ರಾಯವನ್ನು 2020ರ ಶಿಕ್ಷಣ ನೀತಿಯೂ ಎತ್ತಿ ಹೇಳಿದೆ. ಅಂಥ ಕಡೆ ಹದಿನಾರು ಮಂದಿ ಗೋಡೆಯ ಮೇಲಿನ ಹಲಗೆಯಲ್ಲಿ ಇರುತ್ತಾರೆಯೇ ಹೊರತು ತರಗತಿಯಲ್ಲಿ ಇರುವುದಿಲ್ಲ; ಇಪ್ಪತ್ತು ವಾರಗಳು ಹಾಜರಿ ಪುಸ್ತಕದಲ್ಲಿಯೇ ಕಳೆದುಹೋಗುತ್ತವೆ. ಆ ಪದವಿಯನ್ನು ಕೊಂಡವನು ನಾಳೆ ನಿಲ್ಲುವುದು ಯಾರ ಮಕ್ಕಳ ಮುಂದೆ ಎಂದು ಯೋಚಿಸಿದರೆ ಇದು ಯಾರೋ ಪರರ ಹಗರಣವಾಗಿ ತೋರದು.

ಆದುದರಿಂದ ಮಗಳನ್ನೋ ಸೊಸೆಯನ್ನೋ ಬಿ.ಎಡ್.ಗೆ ಸೇರಿಸುವ ಗೃಹಸ್ಥರು ಶುಲ್ಕವೆಷ್ಟೆಂದು ಕೇಳುವುದರ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳುವುದು ಮೇಲು. ಅಧ್ಯಾಪಕರೆಷ್ಟು ಮಂದಿ, ಅವರು ದಿನವೂ ಬರುವರೆ? ಅಭ್ಯಾಸ ಪಾಠಕ್ಕೆ ಒಪ್ಪಿಕೊಂಡ ಶಾಲೆಗಳು ಯಾವುವು? ಹಿಂದಿನ ಬೆಂಚಿನಲ್ಲಿ ಕುಳಿತು ಪಾಠವನ್ನು ನೋಡುವವರು ಯಾರು?

ಇನ್ನೊಂದು ಮಾತು ಎಲ್ಲ ತಂದೆತಾಯಿಯರಿಗೆ. ಅಭ್ಯಾಸ ಪಾಠದ ದಿನಗಳು ಬಂದಾಗ, "ಕಲಿಯುವವರ ಕೈಗೆ ನಮ್ಮ ಮಕ್ಕಳನ್ನೇಕೆ ಕೊಡುತ್ತೀರಿ? ಪಾಠಗಳು ಹಿಂದೆ ಬೀಳುತ್ತವೆ" ಎಂದು ಮುಖ್ಯೋಪಾಧ್ಯಾಯರ ಬಳಿ ದೂರುವವರು ನಗರಗಳಲ್ಲಿ ಕಡಿಮೆಯೇನಿಲ್ಲ. ಆ ಆತಂಕದಲ್ಲಿ ಅರ್ಥವಿಲ್ಲದಿಲ್ಲ. ಆದರೆ ನಾವು ಇಂದು ಹೊಗಳುವ ಪ್ರತಿಯೊಬ್ಬ ಉಪಾಧ್ಯಾಯನೂ ಒಂದು ದಿನ ಯಾರದೋ ಮಕ್ಕಳ ಮುಂದೆ ಮೊದಲ ಸಲ ನಿಂತಿದ್ದನು. ಆತ ಹಾಗೆ ನಿಲ್ಲುವುದನ್ನು ತಡೆಯುವುದು ಯಾರಿಂದಲೂ ಆಗದು. ನಿಲ್ಲುವಾಗ ಹಿಂದೆ ಒಬ್ಬ ಅನುಭವಿ ಕುಳಿತಿರಬೇಕೆ, ಇಲ್ಲವೆ ಯಾರೂ ಇಲ್ಲದೆ ಬಾಗಿಲು ಮುಚ್ಚಿಕೊಂಡಿರಬೇಕೆ ಎಂಬುದಷ್ಟೇ ನಮ್ಮ ಕೈಯಲ್ಲಿರುವ ಆಯ್ಕೆ. ಶಾಲೆಯವರು ಬಾಗಿಲು ಹಾಕಿದರೆ ಆ ಅನುಭವಿಗೆ ಕುಳಿತುಕೊಳ್ಳುವ ಜಾಗವೇ ಇಲ್ಲವಾಗುತ್ತದೆ.

ಮುಂದಿನ ಸಲ ನಿಮ್ಮ ಮಗು ಮನೆಗೆ ಬಂದು, "ಈ ಹೊತ್ತು ಹೊಸ ಟೀಚರು ಬಂದಿದ್ದರು, ಕೈ ನಡುಗುತ್ತಿತ್ತು" ಎಂದರೆ, ಆ ಪಾಠ ಹೇಗಿತ್ತೆಂದು ವಿಚಾರಿಸಿ. ಬೇಕಾದರೆ ಮಗುವಿನಿಂದಲೇ ಒಮ್ಮೆ ಹೇಳಿಸಿ. ಮಗು ಅದನ್ನು ಉತ್ಸಾಹದಿಂದ ಒಪ್ಪಿಸಿತೆಂದರೆ ನಡುಗಿದ ಕೈಯಿಂದ ನಷ್ಟವೇನೂ ಆಗಲಿಲ್ಲವೆಂದು ತಿಳಿಯಿರಿ.